ಟ್ಯಾಂಕಿನ ಪಕ್ಕದ ಮನೆಯ ವರಸೆ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಆಮೇಲೆ ಎಂ.ಕಾಂ. ಕೂಡ ಮಾಡಿದೆ. ಬೆಳಗ್ಗೆ ಹುಲ್ಲು ಕುಯ್ದು, ಡೇರಿಗೆ ಹಾಲು ಹಾಕಿ, ಆಮೇಲೆ ಮದ್ದೂರಿನಲ್ಲಿ ರೈಲು ಹಿಡಿದು ಓದಿದ ಓದು ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಈಗ ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ರೈಲು ಮಾತ್ರ ಅದೇ.

ಆ ರೈಲಿನಲ್ಲೇ, ಹನಕೆರೆ ದಾಟುವ ಹೊತ್ತಿಗೆ, ಮೊಬೈಲಿನ ಆಪ್ ಒಬ್ಬ ಹುಡುಗನನ್ನು ತೋರಿಸಿತು. ಅವನ ಎತ್ತರ ಬರೆದಿತ್ತು, ನಾಯಿ ಇಷ್ಟವೋ ಬೆಕ್ಕು ಇಷ್ಟವೋ ಬರೆದಿತ್ತು. ಯಾರ ಮಗ ಎಂದು ಬರೆದಿರಲಿಲ್ಲ. ಮಳವಳ್ಳಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಕೆಲಸ. ನಾವಿಬ್ಬರೂ ಓದಿದವರು, ಊರು, ಕುಲ ಕೇಳುವುದು ಹಳಬರ ಕೆಲಸವೆಂದು ಎಂಟು ತಿಂಗಳು ಕೇಳಲಿಲ್ಲ. ಅಷ್ಟರಲ್ಲಿ ಮದುವೆಯ ಮಾತೂ ಆಗಿತ್ತು. ಇನ್ನು ಮನೆಯಲ್ಲಿ ಹೇಳಬೇಕಲ್ಲ ಎಂದು ಒಂದು ಭಾನುವಾರ ನಮ್ಮೂರಿನ ಹೆಸರು ಕಳಿಸಿದೆ. ಅವನು ತಕ್ಷಣ ಫೋನ್ ಮಾಡಿದ.

“ನಮ್ ದೊಡ್ಡವ್ವನ್ನ ಕೊಟ್ಟಿರೋದು ಅದೇ ಊರ್ಗೆ ಕಣೆ.”

“ಯಾವ ಬೀದಿ?”

“ಬೀದಿ ಯಾವನಿಗ್ಗೊತ್ತು? ಚಿಕ್ಕೋನಿದ್ದಾಗ ಬಂದಿದ್ದೆ. ಪಕ್ಕದಲ್ಲಿ ನೀರಿನ ಟ್ಯಾಂಕಿತ್ತು.”

ನಮ್ಮೂರಿನಲ್ಲಿ ಎರಡೇ ಬೀದಿ. ಮೇಲಿನ ಬೀದಿಯವರು ನಮ್ಮ ಅಣ್ಣತಮ್ಮಂದಿರು. ಕೆಳಗಿನ ಬೀದಿಯವರು ಹೆಣ್ಣು ಕೊಟ್ಟು ತರುವ ನೆಂಟರು. ಅವನ ದೊಡ್ಡವ್ವ ಕೆಳಗಿನ ಬೀದಿಯವಳಾದರೆ ನನಗೆ ಅತ್ತೆ, ಅವನನ್ನು ಮದುವೆಯಾಗಬಹುದು. ಮೇಲಿನ ಬೀದಿಯವಳಾದರೆ ನನಗೂ ದೊಡ್ಡವ್ವ, ಅವನು ಅಣ್ಣ. ಎಂಟು ತಿಂಗಳಿಂದ ನಾನು ಅಣ್ಣನಿಗೆ ಕೆಂಪು ಹೃದಯ ಕಳಿಸುತ್ತಿದ್ದೆ ಎಂದಾಗುತ್ತದೆ.

ಟ್ಯಾಂಕಿರುವುದು ಮೇಲಿನ ಬೀದಿಯಲ್ಲಿ.

ಆ ಮನೆಯ ಆಂಟಿ ನನಗೆ ಚೆನ್ನಾಗಿ ಗೊತ್ತು, ಆದರೆ ಆಂಟಿ ಎಂದಷ್ಟೇ. ತೊಂದರೆ ಅದೇ. ಕಾಲೇಜಿಗೆ ಸೇರಿದ ಮೇಲೆ ನಾನು ಊರಿನವರನ್ನೆಲ್ಲ ಅಂಕಲ್, ಆಂಟಿ ಎನ್ನಲು ಶುರುಮಾಡಿದ್ದೆ. ಯಾರು ಏನಾಗಬೇಕೆಂಬುದು ಮರೆತೇ ಹೋಗಿತ್ತು.

ಅಜ್ಜಿ ಪಡಸಾಲೆಯಲ್ಲಿ ನೆನೆದ ಅವರೆಕಾಳು ಹಿದುಕುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಹಿದುಕಿದೆ.

“ಅಜ್ಜಿ, ಟ್ಯಾಂಕ್ ಪಕ್ಕದ ಮನೆಯವ್ರು ನಮಗೇನಾಗ್ಬೇಕು?”

“ಯಾಕಮ್ಮಿ?”

“ಸುಮ್ನೆ.”

“ಸುಮ್ನೆ ವರಸೆ ಕೇಳೋಳಾ ನೀನು? ಎಲ್ಲಾರ್ನೂ ಆಂಟಿ ಅಂತೀಯ.” ನಾಲ್ಕು ಕಾಳು ಹಿದುಕಿದಳು. “ಅಣ್ತಮ್ಮದಿರ ಬೀದೀಲವ್ರೆ, ಆದ್ರೆ ಅಣ್ತಮ್ಮದಿರಲ್ಲ ಕಣಮ್ಮಿ. ಆ ಮನೆ ಗಂಡಸಿನ ಅಪ್ಪ ಮನೆ ಅಳಿಯನಾಗಿ ಬಂದೋನು. ನಿಮ್ ತಾತನ ದೊಡ್ಡಪ್ಪನ ಮಗಳ್ನ ಕಟ್ಕಂಡು ಇಲ್ಲೇ ಉಳ್ಕಂಡ. ಈಗಿರೋನು ನಿಂಗೆ ಮಾವ ಆಯ್ತಾನೆ, ಅವನೆಂಡ್ತಿ ಅತ್ತೆ.”

ನನ್ನ ಬೆರಳ ಸಂದಿನ ಕಾಳು ಹಾರಿ ಅಂಗಳಕ್ಕೆ ಬಿತ್ತು.

“ಹಂಗಾದ್ರೆ ಅತ್ತೆಯ ತಂಗಿ ಮಗ?”

“ಕಟ್ಕಬೋದು. ಏನ್ ಓದವ್ನೆ?”

“ಡಿಪ್ಲೊಮಾ.”

ಮೊಬೈಲಿಗೆ ಎರಡು ಲಾಕ್ ಹಾಕಿ ಕಾದ ಗುಟ್ಟು ಅಲ್ಲಿಗೆ ಮುಗಿಯಿತು.

ಅಜ್ಜಿ ಹಿದುಕುವುದನ್ನು ನಿಲ್ಲಿಸಿದಳು. ಇವತ್ತಿಗೂ ಹೆಬ್ಬೆಟ್ಟು ಒತ್ತುವ ಕೈ ಅದು.

“ಡಿಗ್ರಿ ಆಗಿಲ್ವಾ?”

“ಸಂಬಳ ನನಗಿಂತ ಜಾಸ್ತಿ ಅಜ್ಜಿ.”

“ಸಂಬಳ ಕೇಳ್ದ್ನಾ ನಾನು? ಅಸ ಕಟ್ಟಿ ನಿನ್ನ ಎಂಕಾಮ್ ಓದ್ಸಿವ್ನಿ. ನಿಮ್ಮಪ್ಪಂಗೆ ನಾನೇ ಯೋಳ್ತೀನಿ ಬುಡು. ಮೊದ್ಲು ಅವನು ಡಿಗ್ರಿ ಮಾಡ್ಲಿ.”

ಹಿತ್ತಲಿಗೆ ಹೋಗಿ ಅವನಿಗೆ ಬರೆದೆ: ‘ನೀನು ಅಣ್ಣ ಅಲ್ಲ. ಡಿಗ್ರಿಗೆ ಸೇರಬೇಕಂತೆ.’ ನೀಲಿ ಟಿಕ್ಕು ಬಿತ್ತು. ಬಹಳ ಹೊತ್ತು ಏನೋ ಬರೆಯುತ್ತಿದ್ದಾನೆ ಎಂದು ತೋರಿಸಿತು. ಕೊನೆಗೆ ಬಂದದ್ದು ಇಷ್ಟೇ: ‘ಎಷ್ಟು ವರ್ಷದ್ದು?’

ಮೂರು ಎಂದೆ. ಅಂಚೆ ತೆರಪಿನ ಬಿ.ಎ.ಗೆ ಸೇರಿದ. ಈಗ ಎರಡನೇ ವರ್ಷ. ಮೊದಲ ವರ್ಷದ ಒಂದು ವಿಷಯ ಫೇಲಾಗಿ ಉಳಿಸಿಕೊಂಡಿದ್ದಾನೆ. ಅದನ್ನು ಅಜ್ಜಿಗೆ ಹೇಳಿಲ್ಲ. ಟ್ಯಾಂಕಿನ ಪಕ್ಕದ ಮನೆಯವಳನ್ನು ನಾನು ಅತ್ತೆ ಎಂದು ಕರೆಯುತ್ತಿದ್ದೇನೆ. ಮೊದಲ ಸಲ ಕರೆದಾಗ, ಬೇರೆ ಯಾರನ್ನೋ ಎಂದುಕೊಂಡು, ಅವಳು ತಿರುಗಿ ನೋಡಲಿಲ್ಲ.