ಅಕ್ಕನ ಇಪ್ಪತ್ತೆಂಟು ಕೀಲುಗಳು

ನನ್ನ ಅಕ್ಕನಂಥ ಮರ್ಯಾದಸ್ಥ ದಡ್ಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೂವತ್ತು ವರ್ಷ ಕೋಟು ಹೊಲಿದವಳು. ಗಿರಾಕಿಯ ಎದುರು ಕೈನೋವು ಅನ್ನಬಾರದು, ಅಂದರೆ ಬಟ್ಟೆ ಬೇರೆ ಅಂಗಡಿಗೆ ಹೋಗುತ್ತದೆ ಎಂಬುದು ಅವಳು ಕಲಿತ ಮೊದಲ ಪಾಠ. ಸಂಧಿವಾತ ಹಿಡಿದು ಹನ್ನೊಂದು ವರ್ಷವಾಯಿತು. ಮಾತ್ರೆ, ಇಂಜೆಕ್ಷನ್ನು ಎಲ್ಲ ಸೋತವು, ಬೆರಳು ಸೊಟ್ಟಗಾದವು. ಆದರೂ ಕೇಳಿದವರಿಗೆಲ್ಲ ಒಂದೇ ಉತ್ತರ: "ಪರವಾಗಿಲ್ಲ."

ಅಂಥವಳಿಗೆ ದೊಡ್ಡಾಸ್ಪತ್ರೆಯಿಂದ ಕರೆ ಬಂತು. ಹೊಸ ಚಿಕಿತ್ಸೆಯೊಂದರ ಮೊದಲ ಹಂತದ ಪ್ರಯೋಗ. ಮೈ ಕಾಯಬೇಕಾದ ರಕ್ತಕಣಗಳೇ ಕೀಲು ತಿನ್ನುತ್ತಿವೆಯಂತೆ; ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಅವಳದೇ ರಕ್ತದಿಂದ ಒಂದಷ್ಟು ಕಣ ತೆಗೆದು, ತಿದ್ದಿ, ಆ ಪುಂಡರನ್ನು ಹೊಡೆಯಲು ವಾಪಸ್ ಬಿಡುತ್ತಾರಂತೆ. ವಾಸಿಯಾಗುತ್ತದೆಂದು ಯಾರೂ ಮಾತು ಕೊಡಲಿಲ್ಲ. ಬೇರೆ ದಾರಿಯೂ ಉಳಿದಿರಲಿಲ್ಲ. ಸೇರಬೇಕಾದರೆ ಕಡಿಮೆಯೆಂದರೂ ಆರು ಕೀಲು ಊದಿ ನೋಯುತ್ತಿರಬೇಕು.

ಮಹಾತಾಯಿ ಏನು ಮಾಡಿದಳು? ಕೈ ನೆಟ್ಟಗೆ ಕಾಣಲೆಂದು ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿ, ಎರಡು ನೋವಿನ ಮಾತ್ರೆ ನುಂಗಿ ಬಂದಳು. ಡಾಕ್ಟರಮ್ಮ ಇಪ್ಪತ್ತೆಂಟು ಕೀಲುಗಳನ್ನು ಒಂದೊಂದಾಗಿ ಒತ್ತಿ "ನೋವಿದ್ಯಾ?" ಅಂದರೆ, ಹಲ್ಲು ಕಚ್ಚಿಕೊಂಡು "ಪರವಾಗಿಲ್ಲ" ಅಂದಳು. ತಡೆಯಲಾರದೆ ಮುಖ ಕಿವುಚಿದ್ದರಿಂದ ಲೆಕ್ಕಕ್ಕೆ ಸಿಕ್ಕಿದ್ದು ಮೂರೇ ಕೀಲು.

"ಇನ್ನೊಂದು ಸಲ ನೋಡ್ತೀವಿ. ನೋವಿನ ಮಾತ್ರೆ ತಗೊಂಡು ಬರ್ಬೇಡಿ. ಅದೇ ಕೊನೆ" ಅಂದರು ಡಾಕ್ಟರಮ್ಮ.

"ನಿಂಗೆ ಬುದ್ಧಿ ಇದ್ಯಾ? ಅವರೇನು ಕೋಟು ಹೊಲಿಸ್ಕೊಳೋಕೆ ಕರೆದಿದ್ರಾ?" ಬಸ್ಸಿನಲ್ಲೇ ಕೂಗಾಡಿದೆ.

"ಅಷ್ಟು ಮೆತ್ತಗೆ ಕೇಳ್ತಿದ್ರು ಕಣೇ, ನೋವು ಅಂತ ಹೇಗನ್ನಲಿ?"

ನನ್ನ ಮೈ ಉರಿದುಹೋಯಿತು.

ಎರಡನೇ ಸಲ ನಾನೇ ಕಾವಲು ನಿಂತೆ. ಬಿಸಿನೀರಿಲ್ಲ, ಮಾತ್ರೆಯಿಲ್ಲ. ಡಾಕ್ಟರಮ್ಮ ಮಣಿಕಟ್ಟು ಒತ್ತಿದರು. ಅಕ್ಕ "ಪರವಾ..." ಎಂದು ಶುರುಮಾಡಿ ನನ್ನ ಮುಖ ನೋಡಿದಳು.

"ನೋವಿದೆ."

ಮುಂದಿನದಕ್ಕೂ ನೋವಿದೆ. ಅದರ ಮುಂದಿನದಕ್ಕೂ. ದನಿ ಏರುತ್ತಾ ಹೋಯಿತು. ಎಡಗೈ ಹೆಬ್ಬೆರಳಿಗೆ ಬಂದಾಗ ಕೈ ಕಿತ್ತುಕೊಂಡಳು. "ಹನ್ನೊಂದು ವರ್ಷದಿಂದ ನೋಯ್ತಿದೆ. ಮನೇಲಿ ಒಬ್ರೂ ಹೀಗೆ ಮುಟ್ಟಿ ಕೇಳ್ಲಿಲ್ಲ."

ಹದಿನೇಳು ಕೀಲು. ಹೆಸರು ಬರೆದುಕೊಂಡರು.

ನಾನು ನನ್ನ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತೆ. ಹೋದ ತಿಂಗಳು ಅಕ್ಕನೇ ಹೊಲಿದ ಕೋಟು. ಒಂದು ಗುಂಡಿಯ ಕಾಜಾ ಓರೆಯಾಗಿದೆ, ಬಿಚ್ಚಿ ಮತ್ತೆ ಹೊಲಿ ಅಂದಿದ್ದೆ. "ಪರವಾಗಿಲ್ಲ, ಕೊಡು" ಅಂದಿದ್ದಳು. ನಾನು ಕೊಟ್ಟಿದ್ದೆ.