ಹದಿಮೂರು ಇಂಚಿನ ಗ್ಲೌಸು

ಧಪ್. ಆಮೇಲೆ ಟಪ್, ಟಪ್, ಟಪ್.

ಮೊದಲನೆಯದು ಚೆಂಡು ಗ್ಲೌಸಿಗೆ ಬಡಿದ ಸದ್ದು. ಉಳಿದವು ಅದೇ ಚೆಂಡು ಗ್ಲೌಸಿನಿಂದ ಜಾರಿ, ನಮ್ಮ ರಾಯಚೂರಿನ ಮನೆಯ ಅಂಗಳದ ಹಾಸುಗಲ್ಲಿನ ಮೇಲೆ ಪುಟಿಯುತ್ತ ತುಳಸಿಕಟ್ಟೆಯ ಹಿಂದೆ ಹೋಗಿ ಸೇರಿದ ಸದ್ದು. ಹನ್ನೊಂದು ವರ್ಷದ ಮೊಮ್ಮಗಳು ಗೋಡೆಗೆ ಚೆಂಡು ಎಸೆಯುತ್ತಿದ್ದಳು. ಗೋಡೆ ಪ್ರಾಮಾಣಿಕವಾಗಿ ಹಿಂದಿರುಗಿಸುತ್ತಿತ್ತು. ಗ್ಲೌಸು ಮಾತ್ರ ಹಿಡಿಯುತ್ತಿರಲಿಲ್ಲ.

ಆ ಗ್ಲೌಸು ತಂದವಳು ನಾನೇ. ಮಗಳು ದೇವದುರ್ಗದಲ್ಲಿ ಟೀಚರ್; ಮೊಮ್ಮಗಳು ಅಲ್ಲಿಯ ಶಾಲೆಯ ಸಾಫ್ಟ್‌ಬಾಲ್ ಟೀಮಿನವಳು. ಶಾಲೆಯ ಒಂದು ಹಳೆಯ ಗ್ಲೌಸನ್ನು ಮೂವರು ಹುಡುಗಿಯರು ಪಾಳಿ ಹಚ್ಚಿ ಹಾಕಿಕೊಳ್ಳುತ್ತಿದ್ದರು. ಜಿಲ್ಲಾ ಸೆಲೆಕ್ಷನ್ ರಾಯಚೂರಿನಲ್ಲಿತ್ತು. ಅದಕ್ಕೆ ವಾರ ಮುಂಚೆ ರಜೆಗೆಂದು ಹುಡುಗಿ ನಮ್ಮ ಮನೆಗೆ ಬಂದಳು. ಸ್ವಂತದ್ದೊಂದು ಗ್ಲೌಸು ಕೊಡಿಸುವ ಡ್ಯೂಟಿ ನನ್ನದಾಯಿತು.

ನನಗೇನು ಗೊತ್ತು ಗ್ಲೌಸಿನ ಸೈಜು? ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಆಡಿಸುತ್ತಿದ್ದುದು ನೆಟ್‌ಬಾಲ್, ಅದೂ ಲೇಡಿಲೈಕ್ ಆಗಿ, ಲಂಗ ಹಾರದಂತೆ. ಗೊತ್ತಿದ್ದದ್ದು ಒಂದೇ ನಿಯಮ: ಮಕ್ಕಳಿಗೆ ಏನೇ ತಂದರೂ ದೊಡ್ಡದು ತರಬೇಕು. ನನ್ನ ಶಾಲೆಯ ಶೂಸು ಯಾವತ್ತೂ ಎರಡು ಸೈಜ್ ದೊಡ್ಡವು, ತುದಿಯಲ್ಲಿ ಹತ್ತಿ. ಹತ್ತಿ ತೆಗೆಯುವ ಹೊತ್ತಿಗೆ ಶೂಸೇ ಹರಿದಿರುತ್ತಿತ್ತು. ನನ್ನ ಕಾಲಿಗೆ ಸರಿಹೊಂದುವ ಶೂಸಿನಲ್ಲಿ ನಾನು ಒಂದು ದಿನವೂ ಶಾಲೆಗೆ ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ಒಂಥರಾ ಆಗುತ್ತದೆ. ಆದರೂ ಅಂಗಡಿಯಲ್ಲಿ ನಿಂತಾಗ ನಿಯಮವೇ ಗೆದ್ದಿತು.

"ಅಮ್ಮಾ, ಆ ವಯಸ್ಸಿನ ಹುಡುಗಿಗೆ ಹನ್ನೊಂದು, ಹನ್ನೊಂದೂವರೆ ಇಂಚು ಬಸ್ ಆತ್ರಿ. ಇದು ಹದಿಮೂರು, ದೊಡ್ಡವರದು" ಎಂದರು ಅಂಗಡಿಯವರು. "ಹುಡುಗೀನ ಕರಕೊಂಡು ಬರ್ರಿ, ಕೈ ನೋಡಿ ಕೊಡ್ತೀನಿ."

"ದೊಡ್ಡಾಕಿ ಆಗ್ಲಿಕ್ಕೆ ಎಷ್ಟು ದಿನ ಬೇಕ್ರೀ? ಶಿ ಈಸ್ ಎ ಗ್ರೋಯಿಂಗ್ ಚೈಲ್ಡ್!"

ಇಂಗ್ಲಿಷ್ ಹೊರಬಿದ್ದ ಮೇಲೆ ಪಾಪ, ಅವರು ವಾದಿಸಲಿಲ್ಲ.

ಮನೆಗೆ ತಂದು ಐದೂ ಬೆರಳಿನ ತುದಿಗೆ ಶಿಸ್ತಾಗಿ ಹತ್ತಿ ತುಂಬಿದೆ. "ಅಜ್ಜಿ, ಕೈ ಒಳಗ ಈಜಾಡಾಕತ್ತದ" ಎಂದಳು ಮೊಮ್ಮಗಳು.

"ಈಜಲಿ ಬಿಡು, ಎಕ್ಸರ್‌ಸೈಜ್ ಆಗ್ತದ. ಪ್ರಾಕ್ಟೀಸ್ ಮೇಕ್ಸ್ ಪರ್ಫೆಕ್ಟ್."

ಧಪ್. ಟಪ್, ಟಪ್, ಟಪ್.

ಮೂರನೆಯ ದಿನ ಅವಳು ಚೆಂಡನ್ನು ತಂದು ನನ್ನ ಮಡಿಲಲ್ಲಿಟ್ಟಳು. "ನಾ ಸೆಲೆಕ್ಷನ್‌ಗೆ ಹೋಗಂಗಿಲ್ಲ ಅಜ್ಜಿ. ನನಗ ಹಿಡಿಯಾಕ ಬರಂಗಿಲ್ಲ." ಗ್ಲೌಸನ್ನು ದೂರಲಿಲ್ಲ, ತನ್ನ ಕೈಯನ್ನೇ ದೂರಿಕೊಂಡಳು. ಆಗಲೂ ನನ್ನ ಕಾನ್ವೆಂಟ್ ತಲೆಗೆ ಏನೂ ಹೊಳೆಯಲಿಲ್ಲ.

ಮರುದಿನ ಮಾನ್ವಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಕಾರ್ಯಕ್ರಮ. ಅವಳ ಗರ್ಭಿಣಿ ಸೊಸೆಗೆ ಹಸಿರು ಬಳೆ ತೊಡಿಸುವ ದಿನ. ಬಂದ ಹೆಣ್ಣುಮಕ್ಕಳಿಗೂ ಬಳೆ. ತೊಡಿಸಲು ಕುಳಿತವಳು ಪೋತ್ನಾಳದ ಬಳೆಗಾರ್ತಿ, ಎಷ್ಟೋ ವರ್ಷಗಳಿಂದ ನಮ್ಮ ಮನೆತನದ ಕೈಗಳನ್ನೆಲ್ಲ ಬಲ್ಲವಳು. ಅವಳು ಅಳತೆ ಕೇಳುವವಳಲ್ಲ. ಕೈ ಒಮ್ಮೆ ಹಿಚುಕುತ್ತಾಳೆ, ಪೆಟ್ಟಿಗೆಯಿಂದ ಬಳೆ ತೆಗೆಯುತ್ತಾಳೆ, ಮುಗಿಯಿತು.

ಮೊಮ್ಮಗಳ ಸರದಿ ಬಂತು. ಗ್ಲೌಸು ಹಾಕಿಕೊಂಡರೆ ಮೆತ್ತಗಾಗುತ್ತದೆಂದು ನಾನೇ ಬಸ್ಸಿನಲ್ಲೂ ಅವಳ ಕೈಗೆ ಹಾಕಿಸಿ ಕರೆತಂದಿದ್ದೆ.

"ಇದೇನ ಬೇ ಯವ್ವಾ, ಕೈಗೆ ಆನಿ ಕಿವಿ ಕಟಗೊಂಡು ಬಂದೀ?" ಎಂದಳು ಬಳೆಗಾರ್ತಿ.

ಪಡಸಾಲೆಯೆಲ್ಲ ನಕ್ಕಿತು. ಹುಡುಗಿ ಗ್ಲೌಸು ಎಳೆದಳು. ಜೊತೆಗೆ ಮೂರು ಉಂಡೆ ಹತ್ತಿಯೂ ಉದುರಿತು.

"ಹತ್ತಿ ಬ್ಯಾರೆ! ಗಾದಿ ಹೊಲಿಯಾಕತ್ತೀರೇನ್ರಿ ಅಮ್ಮಾರ?"

"ಬೆಳೆಯೋ ಕೂಸು ನೋಡವ್ವಾ," ನಾನು ಗಂಭೀರವಾಗಿ ಹೇಳಿದೆ, "ಅದಕ್ಕ ಒಂದೀಟು ದೊಡ್ಡದು ತಗೊಂಡೀನಿ."

ಅವಳು ಹುಡುಗಿಯ ಕೈ ಹಿಚುಕಿ, ಹೆಬ್ಬೆರಳು ಒಳಗೆ ಮಡಿಸಿ, ಸರಸರ ನಾಲ್ಕು ಬಳೆ ಏರಿಸಿದಳು. "ಬೆಳೀತಾಳಂತ ನಾ ಎಂದರ ದೊಡ್ಡ ಬಳಿ ಹಾಕೀನೇನ್ರಿ? ಕೈ ಇಳಿಸಿದ್ರ ಜಾರ್ತದ, ಒಡೀತದ. ಇವತ್ತಿನ ಕೈಗೆ ಇವತ್ತಿನ ಬಳಿ. ಬೆಳದ ಮ್ಯಾಲ ನಾ ಮತ್ತ ಬರ್ತೀನಲ್ಲ?" ಆಮೇಲೆ ಗ್ಲೌಸನ್ನು ಮತ್ತೆ ಹುಡುಗಿಯ ಕೈಗೆ ತೊಡಿಸಿ, "ಮುಚ್ಚು ನೋಡಾಮು" ಎಂದಳು.

ಹುಡುಗಿ ಹಲ್ಲುಕಚ್ಚಿ ಒತ್ತಿದಳು. ಗ್ಲೌಸು ಹಲ್ಲಿನ ಡಾಕ್ಟರ ಮುಂದೆ ಕುಳಿತವರಂತೆ ಬಾಯಿ ತೆರೆದೇ ಇತ್ತು.

"ಮುಚ್ಚಂಗೇ ಇಲ್ಲ ಅಂದ್ರ ಹಿಡಿಯೋದೆಂಗ? ಹುಡುಗಿ ಕೈ ಚಲೋ ಅದ್ರಿ. ಈ ಚೀಲ ಸರಿ ಇಲ್ಲ."

ಮೊಮ್ಮಗಳು ನನ್ನ ಕಡೆ ನೋಡಿದಳು. ವರ್ಷಗಟ್ಟಲೆ ಟೀಚರಾಗಿ ಕ್ಲಾಸಿನಲ್ಲಿ ಮಕ್ಕಳಿಂದ "ಸಾರಿ" ಹೇಳಿಸಿದವಳು ನಾನು. ಅವತ್ತು ನಾನೇ ಹೇಳಿದೆ.

ಮರುದಿನ ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಅಂಗಡಿಯವರು ಗ್ಲೌಸಿನೊಳಗೆ ಕೈ ಹಾಕಿ, ಕಿರುಬೆರಳಲ್ಲಿ ಉಳಿದಿದ್ದ ಹತ್ತಿಯನ್ನು ಎಳೆದು ಬೆಳಕಿಗೆ ಹಿಡಿದರು. "ಅಮ್ಮಾ, ಇದ್ರಾಗ ಗುಬ್ಬಿ ಮರಿ ಮಾಡೋದಿತ್ತೇನ್ರಿ?" ನಕ್ಕರು, ಬದಲಿ ಕೊಟ್ಟರು. ಹನ್ನೊಂದು ಇಂಚಿನದು ಬೆರಳಿಗೆ ಬಿಗಿಯಾಯಿತು. ಹನ್ನೊಂದೂವರೆಯದನ್ನು ಹುಡುಗಿ ಒಂದೇ ಕೈಯಿಂದ ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಎರಡು ವರ್ಷಕ್ಕ ಇದೂ ಸಣ್ಣ ಆಗ್ತದ್ರಿ ಮತ್ತ."

"ಆಗ್ಲಿ, ಬರ್ತೀವಲ್ಲ" ಎಂದೆ.

ಸೆಲೆಕ್ಷನ್ ದಿನ ಮೈದಾನದ ಅಂಚಿನಲ್ಲಿ ಛತ್ರಿ ಹಿಡಿದು ಕುಳಿತಿದ್ದೆ. ಚೆಂಡು ಅವಳ ಕಡೆ ಹಾರಿತು. ಕಣ್ಣು ಮುಚ್ಚಿಕೊಂಡೆ. ಧಪ್. ಟಪ್ ಟಪ್‌ಗಾಗಿ ಕಾದೆ, ಕಾದೇ ಕಾದೆ. ಬರಲಿಲ್ಲ. ಸಂಜೆ ಓದಿದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಎರಡು ವರ್ಷದ ಮೇಲೆ ಮಾನ್ವಿ ದಾಟಿ ನಾವಿಬ್ಬರೂ ಬಸ್ಸಿನಲ್ಲಿ ಹೋಗುವಾಗ ಪೋತ್ನಾಳದ ಸ್ಟಾಪಿನಲ್ಲಿ ಆ ಬಳೆಗಾರ್ತಿ ಕಂಡಳು. ಪೆಟ್ಟಿಗೆ ಕೆಳಗಿಟ್ಟು ಕಿಟಕಿಗೆ ಓಡಿ ಬಂದು, ಮೊದಲು ಮೊಮ್ಮಗಳ ಕೈ ಹಿಚುಕಿದಳು. "ಬೆಳದಾಳ್ರಿ ಅಮ್ಮಾರ! ಚೀಲ ಬದಲಿ ಮಾಡ್ರಿ!" ಆಮೇಲೆ ರೂಢಿಯಂತೆ ನನ್ನದನ್ನೂ ಹಿಚುಕಿದಳು. ಒಂದು ಕ್ಷಣ ಬಿಡಲಿಲ್ಲ.

"ನಿಮ್ಮದು ಒಂದು ಅಳತಿ ಇಳದದ್ರಿ. ಮುಂದಿನ ಸಲ ಸಣ್ಣವು ತರ್ತೀನಿ."

ಬಸ್ಸು ಹೊರಟಿತು. ಟಾಟಾ ಮಾಡಲು ಕೈ ಎತ್ತಿದೆ. ಬಳೆಗಳು ಜಾರಿ ಮೊಣಕೈ ಹತ್ತಿರ ಬಂದು ನಿಂತವು. ರಸ್ತೆಯ ಪಕ್ಕದಿಂದ ಅವಳು ಅದನ್ನು ಬೆರಳು ಮಾಡಿ ತೋರಿಸಿ ನಗುತ್ತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.