ಕುಂಕುಮ ಹಚ್ಚಿದ ಕಪ್ಪು ಬಾವುಟ

ಬಿಸಿಲಿಗೆ ಬಾಡಿದ ಬಾಳೆಕಂದಿನ ವಾಸನೆಯೂ ಡೀಸೆಲ್ ಹೊಗೆಯೂ ಒಟ್ಟಿಗೆ ಮೂಗಿಗೆ ಬಡಿದರೆ ನಾನು ಈಗಲೂ ನಿಂತಲ್ಲೇ ನಿಂತುಬಿಡುತ್ತೇನೆ. ಆಯುಧಪೂಜೆಯ ಮಾರನೆಯ ದಿನ ರಾಮನಗರದ ಯಾವ ಬೀದಿಗೆ ಹೋದರೂ ಆ ವಾಸನೆ ಇರುತ್ತದೆ. ಆವತ್ತು ನಾನು ಮನೆಯಿಂದ ಆಚೆ ಕಾಲಿಡುವುದಿಲ್ಲ. ಜನ ಏನು ಬೇಕಾದರೂ ಅಂದುಕೊಳ್ಳಲಿ. ಕೈಲಾಂಚದ ಹತ್ತಿರ ನಮ್ಮದೊಂದು ಮನೆಯಿತ್ತು. ನಿಮಗೂ ಅಂಥದ್ದೊಂದು ಇದ್ದಿರಬಹುದು, ಈಗ ಇಲ್ಲದಿರಬಹುದು. ಒಳಗೆ ಕಾಲಿಟ್ಟರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ನಡುಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸರಸರ ಸದ್ದು, ಬಾಗಿಲ ಮುಂದೆ ಒಂದು ಕೆಂಪು ಟ್ರ್ಯಾಕ್ಟರು. ಅಜ್ಜಿ, ದೊಡ್ಡಪ್ಪ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕಮ್ಮ, ನಾನು, ಎಲ್ಲರಿಗೂ ಒಂದೇ ಒಲೆಯಲ್ಲಿ ಮುದ್ದೆ ಬೇಯುತ್ತಿತ್ತು.

ದೊಡ್ಡಪ್ಪ ಮದುವೆಯಾಗಲಿಲ್ಲ. “ನನ್ನ ದೊಡ್ಮಗ ಟ್ರ್ಯಾಕ್ಟ್ರಿಗೇ ತಾಳಿ ಕಟ್ಟವ್ನೆ” ಎಂದು ಅಜ್ಜಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಸುತ್ತಿನ ಊರುಗಳಲ್ಲಿ ಮದುವೆಯ ದಿಬ್ಬಣ ಹೊರಟರೆ ಮುಂದೆ ಅವನ ಟ್ರ್ಯಾಕ್ಟರೇ ಇರಬೇಕು. ಎರಡು ಕಡೆ ಬಾಳೆಕಂದು, ಬಾನೆಟ್ಟಿಗೆ ಚೆಂಡುಹೂವು, ಚಕ್ರದಡಿಗೆ ನಿಂಬೆಹಣ್ಣು. ಅಜ್ಜಿ ಆರತಿ ಎತ್ತದೆ ಗಾಡಿ ಕದಲುತ್ತಿರಲಿಲ್ಲ. ಮೆರವಣಿಗೆಗೆ ಕಟ್ಟಿದ್ದನ್ನು ಕೈಯಾರೆ ಬಿಚ್ಚಬಾರದು, ತಾನಾಗಿ ಒಣಗಿ ಉದುರಬೇಕು ಎನ್ನುವುದು ನಮ್ಮ ಮನೆಯ ಕಟ್ಟಳೆ. ವಿರೂಪಾಕ್ಷಿಪುರದ ಕಡೆಯಿಂದ ಚಿಕ್ಕಮ್ಮ ನಮ್ಮ ಮನೆಗೆ ಸೊಸೆಯಾಗಿ ಬಂದದ್ದೂ ಅದೇ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತು. ಹಳ್ಳ ಬಂದಾಗಲೆಲ್ಲ ದೊಡ್ಡಪ್ಪ ಹಿಂದೆ ತಿರುಗಿ “ಒಸಿ ಗಟ್ಟಿಯಾಗಿ ಹಿಡ್ಕಳವ್ವ” ಅನ್ನುತ್ತಿದ್ದನಂತೆ. ತಾಯಿಯಿಲ್ಲದ ಹುಡುಗಿ, ಈ ಮನೆಯಲ್ಲಿ ಮೊದಲು ತನ್ನನ್ನು ಮಾತಾಡಿಸಿದ್ದೇ ಬಾವ ಎಂದು ನನಗೆ ತಲೆ ಬಾಚುತ್ತಾ ಎಷ್ಟು ಸಲ ಹೇಳಿದ್ದಳೋ. ಅವಳ ಬೆರಳಿಗೆ ಸದಾ ಹರಳೆಣ್ಣೆಯ ಜಿಡ್ಡು ಇರುತ್ತಿತ್ತು.

ನನಗೆ ಹತ್ತು ವರ್ಷವಾಗಿದ್ದಾಗ ಕೆರೆಗೆ ನೀರು ಬಿಡಿ ಎಂದು ಊರವರೆಲ್ಲ ಟ್ರ್ಯಾಕ್ಟರುಗಳನ್ನು ಸಾಲಾಗಿ ಹೊರಡಿಸಿಕೊಂಡು ತಾಲ್ಲೂಕು ಕಚೇರಿಗೆ ಹೋದರು. ದೊಡ್ಡಪ್ಪ ಮುಂದಾಳು. ಒಂದು ಬಿದಿರುಗಳುವಿಗೆ ಕಪ್ಪು ಬಟ್ಟೆ ಕಟ್ಟಿ ಬಾನೆಟ್ಟಿನ ಪಕ್ಕ ನಿಲ್ಲಿಸಿದ. ನಮ್ಮ ಅಜ್ಜಿಗೆ ದಿಬ್ಬಣವೂ ಒಂದೇ, ಧರಣಿಯೂ ಒಂದೇ. ಬಾಳೆಕಂದು ಕಟ್ಟಿಸಿದಳು, ಆರತಿ ಎತ್ತಿದಳು, ಆ ಕಪ್ಪು ಬಟ್ಟೆಗೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. “ಊರಿಗೇ ಒಂದ್ ದಾರಿ ಆದ್ರೆ ಎಡವಟ್ಟಂಗೇ ಒಂದ್ ದಾರಿ” ಎಂದು ಅಪ್ಪ ಗೊಣಗಿದ. ಚಿಕ್ಕಮ್ಮ ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗೆ ನೆನಪಿದೆ. ಅವತ್ತು ನೀರು ಬಿಡಲಿಲ್ಲ. ಬಿಡುವ ಗಂಟ ಈ ಬಾವುಟ ಇಳಿಸುವುದಿಲ್ಲ ಎಂದು ದೊಡ್ಡಪ್ಪ ಎಲ್ಲರ ಮುಂದೆ ಹೇಳಿಬಂದ. ಆ ಮೇಲೆ ಗೊಬ್ಬರ ಹೊಡೆಯಲು ಹೋದರೂ ಸೊಪ್ಪು ತರಲು ಹೋದರೂ ಬಾವುಟ ಗಾಡಿಯ ಮೇಲೇ ಇರುತ್ತಿತ್ತು, ಬಾಡಿದ ಬಾಳೆಕಂದಿನ ಜೊತೆಗೆ.

ಹದಿನೈದು ದಿನ ಕಳೆದಿರಬೇಕು. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಹಣ್ಣಾದ ಹುಳುವನ್ನು ಆಗಿಂದಾಗ ಗೂಡು ಕಟ್ಟುವ ಬಿದಿರು ತಟ್ಟೆಗೆ, ಚಂದ್ರಿಕೆಗೆ, ಬಿಡದಿದ್ದರೆ ತಿಂಗಳ ದುಡಿಮೆಯೆಲ್ಲ ಮಣ್ಣುಪಾಲು. ಅಪ್ಪ ಅವ್ವ ತಲೆಯೆತ್ತದೆ ಅದರಲ್ಲೇ ಮುಳುಗಿದ್ದರು. ಚಿಕ್ಕಪ್ಪ ಸಾತನೂರಿಗೆ ಹೋಗಿದ್ದ. ಮಧ್ಯಾಹ್ನದ ಬಿಸಿಲಲ್ಲಿ ಚಿಕ್ಕಮ್ಮನಿಗೆ ದಿನ ತುಂಬುವ ಮೊದಲೇ ನೋವು ಬಂತು, ಸೀರೆಯೆಲ್ಲ ರಕ್ತವಾಯಿತು. ಯಾರೋ ದೊಡ್ಡ ಮಂತ್ರಿಗಳು ಬರುತ್ತಾರೆಂದು ಬಸ್ಸುಗಳು ನಿಂತಿದ್ದವು. ಫೋನ್ ಮಾಡಿದರೆ ಆಂಬುಲೆನ್ಸು ತಡವಾಗುತ್ತದೆ ಎಂದರು. ದೊಡ್ಡಪ್ಪ ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ಎರಡು ಕೌದಿ ಹಾಸಿ, ಅವಳನ್ನು ಮಗುವಿನ ಹಾಗೆ ಎತ್ತಿ ಮಲಗಿಸಿದ. ಆಮೇಲೆ ಬಾವುಟಕ್ಕೆ ಕೈ ಹಾಕಿದ. ಮಂತ್ರಿಗಳು ಬರುವ ದಾರಿ ಎಂದು ಅವನಿಗೆ ಹೊಳೆದಿತ್ತು.

“ಬ್ಯಾಡ ಕಣ್ಲಾ” ಅಂದಳು ಅಜ್ಜಿ. “ಪೂಜೆ ಆಗಿರೋದು. ಹೆಣ್ಮಗ್ಳು ಹೆರೋ ಹೊತ್ನಲ್ಲಿ ಕಿತ್ರೆ ಒಳ್ಳೇದಾಗಲ್ಲ.”

ದೊಡ್ಡಪ್ಪನ ಕೈ ಗಳುವಿನ ಮೇಲೇ ಒಂದು ಗಳಿಗೆ ನಿಂತಿತ್ತು. ಕೈ ತೆಗೆದು ಗಾಡಿ ಹತ್ತಿದ. ಅಜ್ಜಿಯೂ ನಾನೂ ಟ್ರೇಲರಿನಲ್ಲಿ ಚಿಕ್ಕಮ್ಮನ ಪಕ್ಕ ಕೂತೆವು.

ರಾಮನಗರದ ದೊಡ್ಡ ರಸ್ತೆ ಸೇರುವ ಕಡೆ ಬ್ಯಾರಿಕೇಡು ಅಡ್ಡ ಇಟ್ಟಿದ್ದರು. ನಮ್ಮ ಬಾವುಟ ಕಾಣುತ್ತಲೇ ಪೊಲೀಸರು ಓಡಿ ಬಂದು ಕೀ ಕಿತ್ತುಕೊಂಡರು. “ಬಾಳೆಕಂದು, ಕುಂಕುಮ, ಕಪ್ಪು ಬಾವುಟ. ಪೂರ್ತಿ ತಯಾರಾಗೇ ಬಂದಿದ್ದೀರ. ಬಸುರಿ ಹೆಂಗಸನ್ನ ಮುಂದಿಟ್ಕೊಂಡು ನಾಟಕ ಆಡ್ತೀರೇನ್ರೀ?” ಎಂದ ಅವರಲ್ಲಿ ದೊಡ್ಡವನೊಬ್ಬ. “ಸ್ವಾಮಿ, ನೋವು ತಿಂತಾ ಅವ್ಳೆ, ನಿಮ್ ಕಾಲಿಗ್ ಬೀಳ್ತೀನಿ, ಒಸಿ ದಾರಿ ಬುಡಿ” ಎಂದು ದೊಡ್ಡಪ್ಪ ನಿಜವಾಗಿಯೂ ಕಾಲಿಗೆ ಬಿದ್ದ. ಯಾರ ಮುಂದಾದರೂ ತಲೆ ಎತ್ತಿ ಮಾತಾಡುತ್ತಿದ್ದ ಮನುಷ್ಯ ಡಾಂಬರಿನ ಮೇಲೆ ಮಂಡಿಯೂರಿದ್ದನ್ನು ನಾನು ಟ್ರೇಲರಿನ ಮೇಲಿಂದ ನೋಡಿದೆ. ಅಷ್ಟರಲ್ಲಿ ದೂರದಲ್ಲಿ ಸೈರನ್ನು ಕೇಳಿತು. ಅವನಿಗೆ ಏನು ತೋಚಿತೋ, ಎದ್ದು ಬಂದು ಗಳುವನ್ನು ಬುಡಸಮೇತ ಕಿತ್ತ. ಕಿತ್ತದ್ದನ್ನು ಅಲ್ಲೇ ಬಿಸಾಡಿದ್ದರೆ ಸಾಕಿತ್ತು. “ನೋಡಿ ಸ್ವಾಮಿ, ತೆಗೆದ್ಬುಟ್ಟೆ, ತೆಗೆದ್ಬುಟ್ಟೆ” ಎಂದು ತೋರಿಸಲು ಅದನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆಯ ಕಡೆಗೆ ಓಡಿದ. ನಾಲ್ಕು ಜನ ಅವನ ಮೇಲೆ ಬಿದ್ದರು. ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ವ್ಯಾನಿಗೆ ತುಂಬಿ, ವ್ಯಾನನ್ನು ದೂರ ಒಯ್ದು ನಿಲ್ಲಿಸಿದರು.

ಟ್ರೇಲರಿನಲ್ಲಿ ಉಳಿದವರು ನಾವು ಮೂರು ಜನ ಹೆಂಗಸರು, ಅದರಲ್ಲಿ ಒಬ್ಬಳು ಹತ್ತು ವರ್ಷದವಳು. ಕಾರುಗಳು ಒಂದರ ಹಿಂದೆ ಒಂದು ಹೋಗತೊಡಗಿದವು. ಚಿಕ್ಕಮ್ಮ ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆದು ನನ್ನ ಮಣಿಕಟ್ಟಿಗೆ ಚುಚ್ಚಿತು. “ಮುಗೀತಾ ಮಗಾ?” ಎಂದು ಕೇಳುತ್ತಿದ್ದಳು. “ಇದೇ ಕಡೇದು ಚಿಕ್ಕಮ್ಮ” ಅನ್ನುತ್ತಿದ್ದೆ. ಮತ್ತೊಂದು ಬರುತ್ತಿತ್ತು. ಮತ್ತೆ ಕೇಳುತ್ತಿದ್ದಳು, ಮತ್ತೆ ಅದನ್ನೇ ಹೇಳುತ್ತಿದ್ದೆ. ಆಮೇಲೆ ನನ್ನನ್ನು ಕೇಳುವುದನ್ನು ಬಿಟ್ಟು “ಬಾವಾ, ಗಾಡಿ ಬುಡಿ” ಎಂದು ಕೂಗತೊಡಗಿದಳು. “ಬಾವಾ, ಎಲ್ಲಿದ್ದೀರಾ, ಗಾಡಿ ಬುಡಿ ಬಾವಾ.” ಗಂಡನನ್ನು ಕರೆಯಲಿಲ್ಲ, ದೇವರನ್ನು ಕರೆಯಲಿಲ್ಲ. ಗಂಟಲು ಕಟ್ಟಿ ಬರೀ ಉಸಿರಾಗುವ ತನಕ ದೊಡ್ಡಪ್ಪನನ್ನೇ ಕರೆದಳು. ಸೈರನ್ನಿನಲ್ಲಿ ಅದು ಅಜ್ಜಿಗೆ, ನನಗೆ ಬಿಟ್ಟು ಇನ್ಯಾರಿಗೂ ಕೇಳಿರಲಾರದು. ಸಾಲಿನ ಕಟ್ಟಕಡೆಗೆ ಒಂದು ಆಂಬುಲೆನ್ಸು ಬಂತು. ಮಂತ್ರಿಗಳಿಗೆ ಏನಾದರೂ ಆದರೆ ಎಂದು ಜೊತೆಯಲ್ಲಿ ಕರೆದೊಯ್ಯುವ ಗಾಡಿಯಂತೆ ಅದು. ಒಳಗೆ ಬಿಳಿ ಹಾಸಿಗೆ ಖಾಲಿ ಇತ್ತು. ನಮ್ಮ ಪಕ್ಕದಲ್ಲೇ ಹಾದು ಹೋಯಿತು.

ಕೀ ವಾಪಸು ಕೊಟ್ಟರು, ಓಡಿಸುವವನು ವ್ಯಾನಿನಲ್ಲಿದ್ದ. ಯಾರೋ ಗೂಡ್ಸ್ ಆಟೋದವನು ಪುಣ್ಯಾತ್ಮ ಆಸ್ಪತ್ರೆಗೆ ಮುಟ್ಟಿಸಿದ. ಮಗು ಹೊಟ್ಟೆಯಲ್ಲೇ ಹೋಗಿತ್ತು. ಹೊತ್ತು ಮುಳುಗುವುದರೊಳಗೆ ಚಿಕ್ಕಮ್ಮನೂ ಹೋದಳು. ಅಜ್ಜಿ ಆಮೇಲೆ ಯಾವುದಕ್ಕೂ ಆರತಿ ಎತ್ತಲಿಲ್ಲ. ವರ್ಷ ತುಂಬುವ ಮೊದಲೇ ತೀರಿಕೊಂಡಳು. ಚಿಕ್ಕಪ್ಪ ದೊಡ್ಡಣ್ಣನ ಮುಖ ನೋಡಲಾರೆ ಎಂದು ಕನಕಪುರದ ಕಡೆ ಹೋದವನು ತಿರುಗಿ ಬರಲಿಲ್ಲ. ಒಂದು ಒಲೆ ಮೂರಾಯಿತು. ಈಗ ಮನೆಯಿದ್ದ ಜಾಗದಲ್ಲಿ ಯಾರದೋ ತಂತಿಬೇಲಿ ಇದೆ. ಹಿತ್ತಲಲ್ಲಿದ್ದ ಬಾವಿಯ ಕಟ್ಟೆ ಹುಡುಕಿದೆ, ಅದೂ ಸಿಗಲಿಲ್ಲ.

ದೊಡ್ಡಪ್ಪ ಕಡೆಗಾಲದಲ್ಲಿ ನನ್ನ ಮನೆಯಲ್ಲಿದ್ದ. ಇಷ್ಟು ವರ್ಷ ಆ ದಿನದ ಬಗ್ಗೆ ಅವನು ತುಟಿ ಬಿಚ್ಚಿರಲಿಲ್ಲ. ಸಾಯುವುದಕ್ಕೆ ವಾರದ ಮುಂಚೆ, ಗಂಜಿ ಕುಡಿಸುತ್ತಿದ್ದಾಗ, ನನ್ನ ಕೈ ತಡೆದ.

“ಮಗಾ, ಅವ್ಳು ನನ್ನ ಬೈಕಂಡ್ಲಾ?”

“ಇಲ್ಲ ದೊಡ್ಡಪ್ಪ. ಬೈಲಿಲ್ಲ.”

“ಮತ್ತೆ, ಏನಾರ ಅಂದ್ಲಾ?”

ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. “ಏನೂ ಅನ್ನಲಿಲ್ಲ” ಅಂದೆ. “ನೋವಲ್ಲಿ ಮಾತೇ ಬರ್ನಿಲ್ಲ.”

ಅವನು ಉಳಿದ ಗಂಜಿ ಕುಡಿದು ಗೋಡೆಯ ಕಡೆ ಹೊರಳಿದ. ಆ ಕೂಗನ್ನು ಕೇಳಿಸಿಕೊಂಡವರಲ್ಲಿ ಈಗ ಉಳಿದಿರುವುದು ನಾನೊಬ್ಬಳೇ.